ಗೆಳೆಯರು ಸೇರಿ ತುಂಟ ನಾಯಿಮರಿ ಬೆಳೆಸುವುದು ಹೇಗೆ? ಮೈಸೂರು, ಮಂಡ್ಯದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಾಯಿಮರಿ ಮನೆಗೆ ಬಂದ ಮೊದಲ ಎರಡು ಮೂರು ತಿಂಗಳು ಸಾಕುವವರಿಗೆ ಒಂದು ಜೊತೆ ಬೇಕು. ಅದೇ ವಯಸ್ಸಿನ ಮರಿ ಇರುವ ಇನ್ನೊಂದು ಮನೆ, ಇಲ್ಲವೇ ಈಗಾಗಲೇ ನಾಯಿ ಬೆಳೆಸಿ ಗೊತ್ತಿರುವ ಗೆಳತಿ. ಕಾಲೆಲ್ಲ ಕಚ್ಚಿಸಿಕೊಂಡು, ರಾತ್ರಿ ನಿದ್ದೆಗೆಟ್ಟು ಕೂತಿರುವಾಗ "ನಮ್ಮಲ್ಲೂ ಹೀಗೇ ಇತ್ತು, ಇನ್ನು ಸ್ವಲ್ಪ ದಿನ ತಡ್ಕೊಳ್ಳಿ" ಅನ್ನುವ ಒಂದು ಮಾತು ಎಷ್ಟು ಧೈರ್ಯ ಕೊಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಆಸೆಪಟ್ಟು ತಂದ ಮರಿಯನ್ನು ನಾಲ್ಕೈದು ತಿಂಗಳಿಗೆ ಬೇರೆಯವರಿಗೆ ಕೊಟ್ಟುಬಿಡುವ ಮನೆಗಳಿವೆ. ಮನೆಯವರು ಸುಸ್ತಾಗಿರುತ್ತಾರೆ, ಕೇಳೋಣ ಅಂದರೆ ಯಾರೂ ಇರುವುದಿಲ್ಲ.

ನಾವು ನಾಲ್ಕು ಮನೆಯವರು ಹೀಗೆ ಜೊತೆಯಾಗಿದ್ದೇವೆ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಬೀದಿಯಿಂದ ಬಂದ ಹೆಣ್ಣುಮರಿ. ಕುವೆಂಪುನಗರದ ಗೆಳತಿಯ ಫ್ಲ್ಯಾಟ್‌ನಲ್ಲಿ ಲ್ಯಾಬ್ರಡಾರ್. ಬೋಗಾದಿಯ ಗೆಳೆಯನ ಹತ್ತಿರ ಬೀಗಲ್. ಮಂಡ್ಯದ ಆಚೆ, ಕಬ್ಬಿನ ಗದ್ದೆ ಪಕ್ಕದ ಮನೆಯಲ್ಲಿ ಮುಧೋಳ ಮರಿ. ದಿನಾ ಸಂಜೆ ಸುದ್ದಿ ಹೇಳಿಕೊಳ್ಳುತ್ತೇವೆ. ಮರಿ ಸುದ್ದಿಯ ಜೊತೆ ಮಗಳ ಪಿಯುಸಿ ಪರೀಕ್ಷೆ, ಕಬ್ಬಿನ ಕಟಾವು, ಅತ್ತೆಯ ಮಂಡಿನೋವು ಎಲ್ಲವೂ ಬರುತ್ತದೆ. ಅದೂ ಬೇಕು. ಪರೀಕ್ಷೆ ಇರುವ ಮನೆಯಲ್ಲಿ ಮರಿಗೆ ಆಟ ಕಮ್ಮಿಯಾಗಿರುತ್ತದೆ, ಕಟಾವಿನ ವಾರದಲ್ಲಿ ಊಟದ ಹೊತ್ತು ತಪ್ಪಿರುತ್ತದೆ. ಮರಿಯ ತುಂಟತನಕ್ಕೆ ಕಾರಣ ಎಷ್ಟೋ ಸಲ ಮನೆಯ ಸುದ್ದಿಯಲ್ಲೇ ಸಿಗುತ್ತದೆ.

ಮರಿ ತರುವ ಮುಂಚೆಯೇ ಕೂತು ಮಾತಾಡಿ

ಗೆಳೆಯರ ಸಲಹೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಮೆಟ್ಟಿಲು ಎಷ್ಟಿದೆ? ವಯಸ್ಸಾದವರು, ಅಂಬೆಗಾಲಿಡುವ ಮಗು ಇದ್ದಾರಾ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ತಳಿಯ ಮಾತು.

ಬೀಗಲ್ ಮೂಗಿನಿಂದ ಬದುಕುವ ನಾಯಿ. ವಾಸನೆ ಹಿಡಿದರೆ ನಿಮ್ಮ ಮಾತು ಅದರ ಕಿವಿಗೆ ಬೀಳುವುದಿಲ್ಲ. ಲ್ಯಾಬ್ರಡಾರ್ ಬಾಯಿಯಲ್ಲಿ ಏನನ್ನಾದರೂ ಹೊತ್ತು ತರಬೇಕು ಅಂತಲೇ ಬೆಳೆಸಿದ ತಳಿ. ಹಾಗಾಗಿ ಚಪ್ಪಲಿ, ಕಾಲುಚೀಲ, ಟಿವಿ ರಿಮೋಟ್ ಎಲ್ಲ ಬಾಯಿಗೆ ಹೋಗುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ನಮ್ಮ ರಾಜ್ಯದ ಹೆಮ್ಮೆ, ನಿಜ. ಆದರೆ ಓಡಲು ಬೇಲಿ ಇರುವ ಜಾಗ ಇಲ್ಲದ ಮನೆಗೆ ಅದನ್ನು ತರಬೇಡಿ. ಬೀದಿ ಮರಿಗಳು ನಮ್ಮ ಹವೆಗೆ ಒಗ್ಗಿಕೊಂಡಿರುತ್ತವೆ, ಚುರುಕಾಗಿ ಕಲಿಯುತ್ತವೆ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಇದನ್ನೇ.

ಯಾವ ಮರಿಯಾದರೂ 8 ವಾರ ತುಂಬುವ ತನಕ ತಾಯಿಯ ಹತ್ತಿರ ಇರಲಿ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಅದು ಎಷ್ಟು ಜೋರಾಗಿ ಕಚ್ಚಬಾರದು ಅಂತ ಕಲಿಯುತ್ತದೆ. ಒಂದೇ ತಿಂಗಳಿಗೆ ತಂದ ಮರಿಗೆ ಆ ಪಾಠ ತಪ್ಪಿರುತ್ತದೆ. ಆಮೇಲೆ ಅದನ್ನು ಮನೆಯವರೇ ಕಲಿಸಬೇಕಾಗುತ್ತದೆ. ತಾಯಿ ಇಲ್ಲದೆ ಸಿಕ್ಕ ಮರಿಯಾದರೆ ಬೇರೆ ದಾರಿಯಿಲ್ಲ, ತನ್ನಿ, ಆದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಮನೆಯನ್ನು ಮರಿಯ ಎತ್ತರದಿಂದ ನೋಡಿ

ನೆಲದ ಮೇಲೆ ಕೂತು ಸುತ್ತ ನೋಡಿ. ಚಾರ್ಜರ್ ವೈರು, ಸೊಳ್ಳೆ ಬತ್ತಿ, ಇಲಿ ಪಾಷಾಣ, ಮಾತ್ರೆ ಡಬ್ಬಿ, ದೇವರ ಮನೆಯ ಎಣ್ಣೆ ಬಟ್ಟಲು ಎಲ್ಲ ಕಣ್ಣಿಗೆ ಬೀಳುತ್ತವೆ. ಚಪ್ಪಲಿ ಗೂಡಿಗೆ ಬಾಗಿಲು ಹಾಕಿಸಿ. ಬಾಲ್ಕನಿ ಗ್ರಿಲ್ ಸಂದಿಯಲ್ಲಿ ಮರಿಯ ತಲೆ ತೂರುತ್ತದಾ ನೋಡಿ, ತೂರಿದರೆ ಮೆಶ್ ಕಟ್ಟಿ. ನಮ್ಮ ಊರಿನ ಮನೆಗಳಲ್ಲಿ ಮರೆಯಬಾರದ ಇನ್ನೊಂದು ಜಾಗ ಸಂಪು. ನೀರು ಬಿಡುವ ಹೊತ್ತಿಗೆ ಮುಚ್ಚಳ ತೆಗೆದಿಟ್ಟು ಒಳಗೆ ಹೋಗುತ್ತೇವೆ, ಅಲ್ವಾ? ಮರಿ ಇರುವ ಮನೆಯಲ್ಲಿ ಆ ಮುಚ್ಚಳ ಒಂದು ನಿಮಿಷವೂ ತೆರೆದಿರಬಾರದು.

ಟೈಲ್ಸ್ ನೆಲ ಮರಿಯ ಕಾಲಿಗೆ ಒಳ್ಳೆಯದಲ್ಲ, ಜಾರುತ್ತದೆ. ಅದು ಜಾಸ್ತಿ ಓಡಾಡುವ ಕಡೆ ಹಳೆ ಜಮಖಾನವನ್ನೋ ಗೋಣಿಚೀಲವನ್ನೋ ಹಾಸಿ. ಫಿನೈಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗಿದ ಮೇಲೆ ಮರಿಯನ್ನು ಬಿಡಿ.

ಒಂದು ಮೂಲೆ ಮರಿಯದ್ದೇ ಆಗಿರಲಿ. ಹಾಸಿಗೆ, ನೀರಿನ ಬಟ್ಟಲು, ಕಡಿಯಲು ಎರಡು ಆಟಿಕೆ. ಮಕ್ಕಳಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ: ಅದು ಆ ಮೂಲೆಯಲ್ಲಿ ಮಲಗಿದ್ದಾಗ ಯಾರೂ ಮುಟ್ಟುವಂತಿಲ್ಲ.

ಮೊದಲ ರಾತ್ರಿಗಳು

ತಾಯಿ, ಒಡಹುಟ್ಟಿದವರ ಬಿಸಿ ಇಲ್ಲದೆ ಮರಿ ಅಳುತ್ತದೆ. ಅದು ಹಟವಲ್ಲ, ಭಯ. ನಿಮ್ಮ ಮಂಚದ ಪಕ್ಕದಲ್ಲೇ ಅದರ ಹಾಸಿಗೆ ಹಾಕಿ. ಅತ್ತಾಗ ಕೈ ಕೆಳಗೆ ಬಿಟ್ಟು ಮುಟ್ಟಿ. ರಾತ್ರಿ ಒಮ್ಮೆ ಎರಡು ಬಾರಿ ಸದ್ದಿಲ್ಲದೆ ಎತ್ತಿಕೊಂಡು ಹೋಗಿ ಉಚ್ಚೆ ಮಾಡಿಸಿ ತನ್ನಿ. ಆಟ ಬೇಡ, ಮಾತು ಬೇಡ. ಧೈರ್ಯ ಬಂದ ಮೇಲೆ ಹಾಸಿಗೆಯನ್ನು ದಿನಾ ಸ್ವಲ್ಪ ಸ್ವಲ್ಪ ದೂರ ಸರಿಸುತ್ತಾ ಹೋಗಿ. "ಅಳಲಿ ಬಿಡಿ, ಅಭ್ಯಾಸ ಆಗುತ್ತೆ" ಅನ್ನುವವರ ಮಾತು ಕೇಳಬೇಡಿ. ಒಬ್ಬಂಟಿಯಾಗಿ ಹೆದರಿದ ಮರಿ ಮುಂದೆ ಒಂಟಿಯಾಗಿರಲು ಇನ್ನೂ ಜಾಸ್ತಿ ಹೆದರುತ್ತದೆ.

ಸಂಜೆಯ ಸುದ್ದಿ: ಏನು ಬರೆಯಬೇಕು

ಗೆಳೆಯರ ಗುಂಪು ಮರಿಯ ಫೋಟೋ ಹಾಕುವುದಕ್ಕಷ್ಟೇ ಆಗಬಾರದು. ಫೋಟೋ ಇರಲಿ, ಜೊತೆಗೆ ನಾಲ್ಕು ವಿಷಯ ಎರಡು ಸಾಲಿನಲ್ಲಿ ಹೇಳಿ. ಹಗಲು ಎಷ್ಟು ಹೊತ್ತು ಮಲಗಿತು, ಊಟ ಹೇಗೆ ಮಾಡಿತು, ಕಕ್ಕ ಗಟ್ಟಿಯಾಗಿತ್ತಾ, ಯಾವ ಹೊತ್ತಿಗೆ ತುಂಟಾಟ ಮಿತಿ ಮೀರಿತು.

ಇದರಿಂದ ಏನಾಗುತ್ತದೆ ಅಂತ ಬೋಗಾದಿಯ ಬೀಗಲ್ ಮರಿಯ ಕತೆ ಹೇಳುತ್ತೇನೆ. ದಿನಾ ಸಂಜೆ ಏಳರ ಹೊತ್ತಿಗೆ ಅದು ಹುಚ್ಚು ಹಿಡಿದ ಹಾಗೆ ಕಚ್ಚುತ್ತಿತ್ತು. ಗೆಳೆಯ ಇನ್ನೂ ಜಾಸ್ತಿ ಆಡಿಸಿ ಸುಸ್ತು ಮಾಡೋಣ ಅಂತಿದ್ದ. ಒಂದು ವಾರದ ಸುದ್ದಿಯನ್ನು ಕುವೆಂಪುನಗರದ ಗೆಳತಿ ಒಟ್ಟಿಗೆ ಓದಿ ನೋಡಿದಳು. ಶಾಲೆಯಿಂದ ಮಕ್ಕಳು ಬಂದ ಮೇಲೆ ಮರಿ ಮಲಗಿಯೇ ಇರುವುದಿಲ್ಲ. ಸಂಜೆ ಐದೂವರೆಗೆ ಕತ್ತಲೆ ಮಾಡಿದ ಕೋಣೆಯಲ್ಲಿ ಮಲಗಿಸಲು ಹೇಳಿದಳು. ಕಚ್ಚಾಟ ಅರ್ಧಕ್ಕರ್ಧ ಇಳಿಯಿತು.

ಈ ಗುಟ್ಟು ಎಲ್ಲರಿಗೂ ಗೊತ್ತಿರಬೇಕು. ಎರಡು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ನಿದ್ದೆಗೆಟ್ಟ ಮರಿ ಸುಮ್ಮನಾಗುವುದಿಲ್ಲ, ಇನ್ನಷ್ಟು ಕುಣಿಯುತ್ತದೆ. ನೋಡಿದವರು "ಎಷ್ಟು ಶಕ್ತಿ ಇದಕ್ಕೆ!" ಅಂತಾರೆ. ಶಕ್ತಿಯಲ್ಲ ಅದು, ನಿದ್ದೆ ಸಾಲದ ಲಕ್ಷಣ. ಒಂದು ಗಂಟೆ ಎಚ್ಚರ, ಆಮೇಲೆ ಒಂದೂವರೆ ಎರಡು ಗಂಟೆ ನಿದ್ದೆ. ಹಗಲೆಲ್ಲ ಇದೇ ಲೆಕ್ಕ ಇಟ್ಟುಕೊಂಡು ನೋಡಿ.

ಗುಂಪಿನಲ್ಲಿ ಎರಡು ಕಟ್ಟುಪಾಡು ಇರಲಿ. ಒಂದು, ಹೋಲಿಸಿ ಮಾತಾಡಬಾರದು. "ನಮ್ಮದು ಆಗಲೇ ಕಲಿತುಬಿಡ್ತು, ನಿಮ್ಮದಿನ್ನೂ ಒಳಗೇ ಮಾಡ್ತಾ?" ಅನ್ನುವ ಮಾತು ಸೋತುಹೋದವರನ್ನು ಇನ್ನೂ ಕುಗ್ಗಿಸುತ್ತದೆ. ಎರಡು, ಔಷಧದ ಹೆಸರು ಹೇಳಬಾರದು. ನಿಮ್ಮ ಮರಿಗೆ ಡಾಕ್ಟ್ರು ಕೊಟ್ಟದ್ದು ಇನ್ನೊಂದರ ತೂಕಕ್ಕೆ, ಕಾಯಿಲೆಗೆ ಸರಿಹೋಗುವುದಿಲ್ಲ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.

ಉಚ್ಚೆ, ಕಕ್ಕ

ಇದು ಕಷ್ಟದ ಪಾಠವಲ್ಲ, ಬೇಸರದ ಪಾಠ. ಹೊತ್ತು ಸರಿಯಾಗಿ ಹಿಡಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಎದ್ದ ತಕ್ಷಣ, ಊಟವಾದ ಐದು ಹತ್ತು ನಿಮಿಷಕ್ಕೆ, ಆಟದ ಮಧ್ಯೆ, ಮಲಗುವ ಮುಂಚೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಎರಡು ತಿಂಗಳ ಮರಿಯನ್ನು ಎಚ್ಚರವಿರುವಾಗ ಗಂಟೆಗೊಮ್ಮೆಯಾದರೂ ಕರೆದೊಯ್ಯಬೇಕು. ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಹುದು ಅನ್ನುವುದು ಸಾಮಾನ್ಯ ಲೆಕ್ಕ. ಮೂರು ತಿಂಗಳ ಮರಿಗೆ ನಾಲ್ಕು ಗಂಟೆ. ಅದು ಕೊನೆಯ ಮಿತಿ, ಗುರಿಯಲ್ಲ.

ಮಾಡಿ ಮುಗಿಸಿದ ಕೂಡಲೇ, ಅಲ್ಲೇ ನಿಂತು ಹೊಗಳಿ ಒಂದು ತುಣುಕು ತಿಂಡಿ ಕೊಡಿ. ಮನೆಯೊಳಗೆ ಬಂದು ಕೊಟ್ಟರೆ ಯಾಕೆ ಕೊಟ್ಟಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಳಗೆ ಮಾಡಿಬಿಟ್ಟರೆ ಸುಮ್ನೆ ಒರೆಸಿ. ಮೂಗು ಉಜ್ಜುವುದು, ಪೇಪರಿನಲ್ಲಿ ಹೊಡೆಯುವುದು ಹಿಂದಿನಿಂದ ಬಂದ ಪದ್ಧತಿ. ಅದರಿಂದ ಮರಿ ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಮಂಚದ ಕೆಳಗೆ ಮಾಡುವುದು. ಅಜ್ಜಿ ತಾತ ಇರುವ ಮನೆಯಲ್ಲಿ ಇದನ್ನು ಸಮಾಧಾನದಿಂದ ಹೇಳಿ, ತಿಂಡಿ ಕೊಡುವ ಕೆಲಸವನ್ನು ಅವರಿಗೇ ವಹಿಸಿಬಿಡಿ. ನಮ್ಮ ಮಂಡ್ಯದ ಗೆಳತಿ ಮಾಡಿದ್ದು ಹಾಗೇ. ಈಗ ಮರಿ ಅಜ್ಜಿಯನ್ನು ಬಿಟ್ಟು ಇರುವುದಿಲ್ಲ.

ಫ್ಲ್ಯಾಟ್‌ನಲ್ಲಿರುವವರು ಲಸಿಕೆ ಮುಗಿಯುವ ತನಕ ಬಾಲ್ಕನಿಯಲ್ಲಿ ಪೇಪರ್ ಹಾಸಿ, ಇಲ್ಲವೇ ಬೇರೆ ನಾಯಿ ಬರದ ತಾರಸಿ ಬಳಸಿ.

ಕಚ್ಚುವುದು

ನಮ್ಮ ಸುದ್ದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಇರುತ್ತದೆ. ಸೀರೆ ಅಂಚು, ಪಂಚೆ, ಮಕ್ಕಳ ಪ್ಯಾಂಟು, ಹಿಮ್ಮಡಿ. ಮರಿಯ ಬಾಯಲ್ಲಿ ಸೂಜಿಯಂಥ 28 ಹಾಲುಹಲ್ಲು ಇರುತ್ತವೆ. ಮೂರೂವರೆ ನಾಲ್ಕು ತಿಂಗಳಿಗೆ ಬೀಳಲು ಶುರು. ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಈ ಮಧ್ಯೆ ಒಸಡು ಕಡಿಯುತ್ತದೆ, ಅದಕ್ಕೆ ಏನನ್ನಾದರೂ ಜಗಿಯಲೇಬೇಕು. ಜೊತೆಗೆ ಲೋಕವನ್ನು ಅದು ಅರಿಯುವುದೂ ಬಾಯಿಯಿಂದಲೇ.

ಮೊದಲು, ಕೈಯನ್ನು ಆಟಿಕೆ ಮಾಡಬೇಡಿ. ಬೆರಳು ಅಲ್ಲಾಡಿಸಿ ರೇಗಿಸುವ ಮಾವ ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಕೈಗೆ ಹಗ್ಗದ ಆಟಿಕೆ ಕೊಡಿ.

ಕಚ್ಚಿದಾಗ ಕೈ ಎಳೆಯಬೇಡಿ, ಕಿರುಚಬೇಡಿ. ಎಳೆದರೆ ಅದಕ್ಕೆ ಇನ್ನೂ ಆಟ. ಅಲ್ಲಾಡದೆ ನಿಲ್ಲಿ, ಕೈ ಕಟ್ಟಿಕೊಳ್ಳಿ, ಬೇರೆ ಕಡೆ ನೋಡಿ. ಬಿಟ್ಟ ಕೂಡಲೇ ಜಗಿಯಬಹುದಾದ ಒಂದು ವಸ್ತು ಬಾಯಿಗೆ ಕೊಡಿ. ಹಳೆ ಟವೆಲ್ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಹಗ್ಗದಂತೆ ತಿರುಚಿ ಫ್ರೀಜರಿನಲ್ಲಿಟ್ಟರೆ ಒಸಡಿಗೆ ಹಿತ. ಹರಿದು ನುಂಗದಂತೆ ನೀವು ಪಕ್ಕದಲ್ಲೇ ಇರಿ. ತಣ್ಣನೆಯ ದಪ್ಪ ಕ್ಯಾರೆಟ್ ಕೂಡ ಆಗುತ್ತದೆ.

ಮತ್ತೆ ಕಚ್ಚಿದರೆ? ಎದ್ದು ಬಾಗಿಲಾಚೆ ಹೋಗಿ. ಹತ್ತು ಇಪ್ಪತ್ತು ಸೆಕೆಂಡು ಸಾಕು. ಕಚ್ಚಿದರೆ ಆಟ ನಿಲ್ಲುತ್ತದೆ, ಬಿಟ್ಟರೆ ಆಟ ಮುಂದುವರಿಯುತ್ತದೆ. ಮನೆಯ ಎಲ್ಲರೂ ಹೀಗೇ ಮಾಡಿದರೆ ವಾರಗಳಲ್ಲಿ ಇಳಿಯುತ್ತದೆ. ಒಬ್ಬರು ಬಿಟ್ಟುಕೊಟ್ಟರೂ ತಿಂಗಳುಗಟ್ಟಲೆ ಎಳೆಯುತ್ತದೆ. ಬಾಯಿ ಒತ್ತಿ ಹಿಡಿಯುವುದು, ನೆಲಕ್ಕೆ ಅದುಮುವುದು ಮಾಡಲೇಬೇಡಿ. ಹೆದರಿ ಕಚ್ಚುವ ನಾಯಿಯನ್ನು ನಾವೇ ತಯಾರು ಮಾಡಿದ ಹಾಗಾಗುತ್ತದೆ. ಇದನ್ನೆಲ್ಲ ಮಾಡಿಯೂ ಬಗ್ಗದಿದ್ದರೆ ನಿದ್ದೆಯ ಲೆಕ್ಕ ನೋಡಿ.

ಒಂದು ಮಾತು ಗಂಭೀರವಾಗಿ. ಮರಿಯ ಹಲ್ಲೋ ಉಗುರೋ ತಾಗಿ ಚರ್ಮ ಸೀಳಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ ಕೇಳಿ. ಮರಿಗೂ ರೇಬೀಸ್ ಬರಬಹುದು. "ಚಿಕ್ಕ ಮರಿ ತಾನೇ" ಅಂತ ಬಿಡಬೇಡಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ.

ಓಡಾಟಕ್ಕಿಂತ ಮೂಗಿಗೆ ಕೆಲಸ

ಸಂಜೆ ಇದ್ದಕ್ಕಿದ್ದಂತೆ ಮರಿ ಬಾಲ ಒಳಗೆಳೆದುಕೊಂಡು ಮನೆಯೆಲ್ಲ ಗಿರಗಿರ ಓಡುತ್ತದೆ. ಹೆದರಬೇಡಿ, ಎಲ್ಲ ಮರಿಗಳೂ ಮಾಡುತ್ತವೆ, ಐದಾರು ನಿಮಿಷಕ್ಕೆ ನಿಲ್ಲುತ್ತದೆ. ಅಟ್ಟಿಸಿಕೊಂಡು ಹೋಗಬೇಡಿ ಅಷ್ಟೇ.

ದಣಿಸಬೇಕು ಅಂದರೆ ಓಡಿಸುವುದಕ್ಕಿಂತ ಹುಡುಕಿಸುವುದು ಒಳ್ಳೆಯದು. ಒಂದು ಹೊತ್ತಿನ ಊಟವನ್ನು ಬಟ್ಟಲಲ್ಲಿ ಹಾಕದೆ ಜಮಖಾನದ ಮೇಲೆ ಚೆಲ್ಲಿ. ಹಳೆ ಟವೆಲಿನಲ್ಲಿ ಸುರುಳಿ ಸುತ್ತಿ ಕೊಡಿ. ರಟ್ಟಿನ ಡಬ್ಬದಲ್ಲಿ ಹಾಕಿ ಬಿಚ್ಚಲು ಬಿಡಿ. ಹದಿನೈದು ನಿಮಿಷ ಮೂಗಿನಿಂದ ಹುಡುಕಿದ ಮರಿ ತಾನಾಗೇ ಹೋಗಿ ಮಲಗುತ್ತದೆ. ಮಂಡ್ಯದ ಮುಧೋಳ ಮರಿಗೆ ಓಟ ಬೇಕೇ ಬೇಕು, ಆದರೂ ಎಲುಬು ಬಲಿಯುವ ತನಕ ಬೈಕಿನ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ.

ಮಾತು ಕಲಿಸುವುದು

ಪದ ಯಾವ ಭಾಷೆಯದ್ದಾದರೂ ಸರಿ, ಮನೆಯವರೆಲ್ಲ ಒಂದೇ ಪದ ಬಳಸಬೇಕು. ಅಪ್ಪ "ಸಿಟ್", ಅಜ್ಜಿ "ಕೂತ್ಕೋ", ಮಗ "ಡೌನ್" ಅಂದರೆ ಮರಿಗೆ ಗಲಿಬಿಲಿ. "ಬಾ", "ಕೂತ್ಕೋ", "ಬಿಡು", "ಇರು" ಈ ನಾಲ್ಕು ಮೊದಲು ಕಲಿಸಿ. ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಬೇಯಿಸಿದ ಕೋಳಿಯ ಚೂರು, ಪನೀರ್, ಕಡ್ಲೆಪುರಿ ಯಾವುದಾದರೂ ಆಗುತ್ತದೆ.

"ಬಾ" ಅನ್ನುವ ಮಾತನ್ನು ಜೋಪಾನ ಮಾಡಿ. ಕರೆದು ಬೈಯಬಾರದು, ಕರೆದು ಸ್ನಾನಕ್ಕೆ ಹಾಕಬಾರದು, ಕರೆದು ಕಟ್ಟಬಾರದು. ಬಂದಾಗಲೆಲ್ಲ ಒಳ್ಳೆಯದೇ ಆಗಬೇಕು. ಗೇಟು ತೆರೆದಿರುವ ದಿನ ನಿಮ್ಮ ಮರಿಯನ್ನು ಉಳಿಸುವುದು ಇದೊಂದೇ ಪದ.

"ಬಿಡು" ಕಲಿಸಲು ಕಿತ್ತುಕೊಳ್ಳಬೇಡಿ, ಬದಲು ಮಾಡಿ. ಕಾಲುಚೀಲ ಹಿಡಿದಿದ್ದರೆ ಮೂಗಿನ ಹತ್ತಿರ ಕೋಳಿ ಚೂರು ಹಿಡಿಯಿರಿ, ಬಾಯಿ ತೆರೆಯುವಾಗ "ಬಿಡು" ಅನ್ನಿ, ಕೊಡಿ. ಮುಖ್ಯವಲ್ಲದ ವಸ್ತುವಾದರೆ ವಾಪಸ್ಸು ಅದಕ್ಕೇ ಕೊಡಿ. ಕೊಟ್ಟರೆ ಕಳೆದುಕೊಳ್ಳುವುದಿಲ್ಲ ಅಂತ ಗೊತ್ತಾದ ಮರಿ ಮುಚ್ಚಿಟ್ಟುಕೊಳ್ಳುವುದಿಲ್ಲ, ಗುರ್ ಅನ್ನುವುದಿಲ್ಲ.

ಊಟ

ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ನಮ್ಮ ಕಡೆ ಹಾಲು ಅನ್ನ, ಹಾಲು ಬ್ರೆಡ್ಡು ಹಾಕುವ ರೂಢಿ. ಎಷ್ಟೋ ಮರಿಗಳಿಗೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ರಾಗಿ, ಅನ್ನ ಕೊಡಬಹುದು, ಆದರೆ ಬರೀ ಅದರಲ್ಲೇ ಬೆಳೆಯುವ ಮೈಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಸ್ವಲ್ಪ ಮೊಸರು ಸೇರಬೇಕು. ಮರಿಗಳಿಗೆಂದೇ ಮಾಡಿದ ಆಹಾರ ಹಾಕಿದರೆ ಲೆಕ್ಕಾಚಾರದ ತಲೆನೋವು ಕಮ್ಮಿ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗೆ ಸುಮ್ನೆ ಕ್ಯಾಲ್ಸಿಯಂ ಸಿರಪ್ ಕುಡಿಸಬೇಡಿ, ಜಾಸ್ತಿಯಾದರೆ ಎಲುಬು ಕೆಡುತ್ತದೆ.

ಕೊಡಲೇಬಾರದ್ದು: ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಹಾಕಿದ ಸಕ್ಕರೆರಹಿತ ಚೂಯಿಂಗ್ ಗಮ್, ಬೇಯಿಸಿದ ಕೋಳಿ ಮೂಳೆ. ಹಬ್ಬದ ದಿನ ಜಾಸ್ತಿ ಹುಷಾರಾಗಿರಿ. ಕೇಸರಿಬಾತ್, ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ. ಅದು ನಾಯಿಯ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಮೈಸೂರು ಪಾಕಿನ ತುಪ್ಪ, ಸಕ್ಕರೆ ಮರಿಯ ಹೊಟ್ಟೆಗೆ ತಡೆಯುವುದಿಲ್ಲ. ಬಂದ ನೆಂಟರಿಗೆ ಬಾಗಿಲಲ್ಲೇ ಹೇಳಿಬಿಡಿ.

ಲಸಿಕೆ, ಜಂತುಹುಳು

ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ. ಪಾರ್ವೊ, ಡಿಸ್ಟೆಂಪರ್ ಮುಂತಾದ ಕಾಯಿಲೆಗಳ ವಿರುದ್ಧ. ನಂತರ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ಆಗುವ ತನಕ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ನಡುವೆ ನಿಲ್ಲಿಸಬಾರದು. ತಾಯಿಯಿಂದ ಬಂದ ರಕ್ಷಣೆ ಮೊದಲ ಲಸಿಕೆಗಳನ್ನು ಕೆಲಸ ಮಾಡಲು ಬಿಡದೆ ಇರಬಹುದು, ಅದಕ್ಕೇ ಮತ್ತೆ ಮತ್ತೆ ಕೊಡುವುದು. ಜಂತುಹುಳು ಔಷಧ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ತೂಕ ನೋಡಿ ಡಾಕ್ಟ್ರು ಹೇಳಿದಷ್ಟೇ.

ನಾವು ನಾಲ್ಕೂ ಮನೆಯವರು ಲಸಿಕೆ ಕಾರ್ಡಿನ ಫೋಟೋ ಗುಂಪಿನಲ್ಲಿ ಇಟ್ಟಿದ್ದೇವೆ. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುತ್ತಾರೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುವುದುಂಟು, ವಿಚಾರಿಸಿ.

ಮರಿ ಊಟ ಬಿಟ್ಟು, ಮಂಕಾಗಿ, ವಾಂತಿ ಮಾಡಿ, ರಕ್ತ ಬೆರೆತ ನಾತದ ಭೇದಿ ಶುರುವಾದರೆ ಪಾರ್ವೊ ಇರಬಹುದು. ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ಅದೇ ಗಂಟೆಯಲ್ಲಿ ಹೊರಡಿ. ಉಳಿದ ಮನೆಯವರಿಗೆ ದಾರಿಯಿಂದಲೇ ತಿಳಿಸಿ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಗೆ ಅಂಟಿ ಇನ್ನೊಂದು ಮನೆಗೆ ಬರುತ್ತದೆ.

ಲೋಕ ತೋರಿಸುವುದು

ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಕಷ್ಟ ಏನೆಂದರೆ, ಲಸಿಕೆ ಮುಗಿಯದೆ ನೆಲಕ್ಕೆ ಬಿಡುವ ಹಾಗಿಲ್ಲದ ಹೊತ್ತೂ ಇದೇ. ಹಾಗಾಗಿ ಎತ್ತಿಕೊಂಡು ಹೋಗಿ. ಸ್ಕೂಟರ್ ಸದ್ದು, ಬಸ್ಸು, ತರಕಾರಿ ಗಾಡಿಯವನ ಕೂಗು, ದೇವಸ್ಥಾನದ ಗಂಟೆ, ಅರಮನೆ ಸುತ್ತಲಿನ ಟಾಂಗಾ ಕುದುರೆ ಎಲ್ಲವನ್ನೂ ದೂರದಿಂದ ತೋರಿಸಿ, ತಿಂಡಿ ಕೊಡಿ, ವಾಪಸ್ಸು ಬನ್ನಿ.

ಇಲ್ಲಿ ಗೆಳೆಯರ ಸಹಾಯ ದೊಡ್ಡದು. ಒಬ್ಬೊಬ್ಬರು ಒಂದೊಂದು ವೇಷದಲ್ಲಿ ಬನ್ನಿ. ಹೆಲ್ಮೆಟ್ ಹಾಕಿಕೊಂಡು, ಕೊಡೆ ಹಿಡಿದು, ಊರುಗೋಲು ಹಿಡಿದು. ಮೊದಲ ಲಸಿಕೆಯಾಗಿ ಒಂದು ವಾರ ಕಳೆದ, ಜಂತುಹುಳು ಔಷಧ ಆದ, ಆರೋಗ್ಯವಾಗಿರುವ ಮರಿಗಳನ್ನು ಸ್ವಚ್ಛವಾದ ತಾರಸಿಯಲ್ಲಿ ಆಡಲು ಬಿಡಬಹುದು. ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ ಇದ್ದರೆ ಸರಿ. ಒಂದೇ ಮರಿ ಸದಾ ಕೆಳಗೆ ಬಿದ್ದು ತಪ್ಪಿಸಿಕೊಳ್ಳಲು ನೋಡುತ್ತಿದ್ದರೆ ಎತ್ತಿಕೊಳ್ಳಿ.

ಸದ್ದಿನ ಅಭ್ಯಾಸವನ್ನು ದಸರಾಗೆ ಮುಂಚೆಯೇ ಶುರು ಮಾಡಿ. ಜಂಬೂ ಸವಾರಿಯ ಆನೆಗಳಿಗೆ ಕುಶಾಲತೋಪಿನ ಸದ್ದು ರೂಢಿಯಾಗಲಿ ಅಂತ ಮುಂಚಿತವಾಗಿ ತಾಲೀಮು ನಡೆಸುತ್ತಾರಲ್ಲ, ಮರಿಗೂ ಹಾಗೇ ಮುಂಚಿತವಾಗಿ, ಆದರೆ ಬಹಳ ಮೆಲ್ಲಗೆ ಮಾಡಬೇಕು. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ ಊಟ ಕೊಡಿ. ಕಿವಿ ನಿಮಿರದೆ ತಿನ್ನುತ್ತಿದ್ದರೆ ಮಾತ್ರ ಮರುದಿನ ಒಂದು ಚೂರು ಜೋರು ಮಾಡಿ. ದೀಪಾವಳಿ ರಾತ್ರಿ ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಪಕ್ಕದಲ್ಲಿ ಕೂರಿ.

ಬೀದಿಗೆ ಇಳಿದ ಮೇಲೆ

ಕೊನೆಯ ಲಸಿಕೆಯಾಗಿ ಒಂದೆರಡು ವಾರದ ಮೇಲೆ ನಡೆಸಿಕೊಂಡು ಹೋಗಬಹುದು. ಕತ್ತಿನ ಬೆಲ್ಟಿಗಿಂತ ಎದೆಗೆ ಹಾಕುವ ಬೆಲ್ಟ್ ಒಳ್ಳೆಯದು. ಎಳೆದರೆ ನಿಂತುಬಿಡಿ, ಹಗ್ಗ ಸಡಿಲವಾದಾಗ ನಡೆಯಿರಿ. ಮಾರ್ಚಿನಿಂದ ಮೇ ತನಕ ಬಿಸಿಲೇರುವ ಮುಂಚೆ ಮುಗಿಸಿ. ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳು ಹಕ್ಕಿಗಳ ಜಾಗ. ನಾಯಿ ಬಿಡುತ್ತಾರಾ ಅಂತ ಗೇಟಿನಲ್ಲಿ ಕೇಳಿಯೇ ಹೋಗಿ. ಕಕ್ಕ ಎತ್ತಲು ಕವರ್ ಜೇಬಿನಲ್ಲಿರಲಿ.

ಮನೆಗೆ ಬಂದ ಮೇಲೆ ಕಿವಿ, ಬೆರಳ ಸಂದಿ, ಕಂಕುಳು ತಡವಿ ಉಣ್ಣೆ ಹುಡುಕಿ. ಉಣ್ಣೆ ಜ್ವರ ಇಲ್ಲಿ ಸಾಮಾನ್ಯ. ಸುಸ್ತು, ಜ್ವರ, ಬಿಳಿಚಿಕೊಂಡ ಒಸಡು ಕಂಡರೆ ರಕ್ತ ಪರೀಕ್ಷೆ ಮಾಡಿಸಿ.

ಊರಂಚಿನವರಿಗೆ, ಮಂಡ್ಯದ ಹಳ್ಳಿಯವರಿಗೆ, ಚಾಮುಂಡಿ ಬೆಟ್ಟದ ತಪ್ಪಲಿನವರಿಗೆ ಇನ್ನೊಂದು ಮಾತು. ಕಬ್ಬಿನ ಗದ್ದೆಯಲ್ಲಿ, ಬೆಟ್ಟದ ಬುಡದಲ್ಲಿ ಚಿರತೆ ಇರುತ್ತದೆ, ಅದಕ್ಕೆ ನಾಯಿ ಸುಲಭದ ಬೇಟೆ. ರಾತ್ರಿ ಮರಿಯನ್ನು ಅಂಗಳದಲ್ಲಿ ಕಟ್ಟಬೇಡಿ. ಕಟ್ಟಿದ ನಾಯಿಗೆ ಓಡಿಹೋಗುವ ದಾರಿಯೂ ಇಲ್ಲ. ಒಳಗೆ ಮಲಗಿಸಿ. ಗದ್ದೆ ಬದುವಿನಲ್ಲಿ ಕೊಳಕು ಮಂಡಲವೂ ಇರುತ್ತದೆ, ಹಗ್ಗ ಬಿಚ್ಚಿ ಬಿಡಬೇಡಿ.

ಆರು ತಿಂಗಳ ನಂತರ

ಎಲ್ಲ ಕಲಿತಿದ್ದ ಮರಿ ಆರೇಳು ತಿಂಗಳಿಗೆ ಇದ್ದಕ್ಕಿದ್ದಂತೆ ಮಾತು ಕೇಳುವುದು ಬಿಡುತ್ತದೆ. ಹರೆಯ ಅದು. ಎಷ್ಟೋ ಜನ ಕೈಚೆಲ್ಲುವುದು ಈ ಹೊತ್ತಲ್ಲೇ. ಮರೆತ ಪಾಠವನ್ನು ಮೊದಲಿನಿಂದ, ಮೂರು ನಿಮಿಷ ಮೂರು ನಿಮಿಷ ಮತ್ತೆ ಹೇಳಿಕೊಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಅಂತ ಡಾಕ್ಟ್ರನ್ನು ಈಗಲೇ ಕೇಳಿ, ದೊಡ್ಡ ತಳಿಗೆ ಸ್ವಲ್ಪ ತಡವಾಗಿ ಮಾಡುತ್ತಾರೆ.

ಒಂಟಿಯಾಗಿರುವ ಅಭ್ಯಾಸ ಇಷ್ಟರೊಳಗೆ ಬಂದಿರಬೇಕು. ಚಪ್ಪಲಿ ಹಾಕಿ, ಬೀಗದ ಕೈ ತೆಗೆದುಕೊಂಡು ಬಾಗಿಲಾಚೆ ಒಂದು ನಿಮಿಷ ನಿಂತು ಬನ್ನಿ. ಆಮೇಲೆ ಐದು ನಿಮಿಷ, ಹಾಲಿನ ಬೂತಿನ ತನಕ, ಅಂಗಡಿಯ ತನಕ. ಹೋಗುವಾಗ, ಬರುವಾಗ ದೊಡ್ಡ ಸಂಭ್ರಮ ಮಾಡಬೇಡಿ.

ಮದುವೆಗೋ ಊರಿಗೋ ಎರಡು ದಿನ ಹೋಗಬೇಕಾದರೆ ಗೆಳೆಯರ ಮನೆ ಇದ್ದೇ ಇದೆ. ಮುಂಚೆ ಒಂದು ಮಧ್ಯಾಹ್ನ, ಆಮೇಲೆ ಒಂದು ರಾತ್ರಿ ಬಿಟ್ಟು ನೋಡಿ, ನಂತರ ಎರಡು ದಿನ. ಜೊತೆಗೆ ಅದರ ಹಾಸಿಗೆಯನ್ನು ತೊಳೆಯದೆ ಕಳಿಸಿ, ಮನೆಯ ವಾಸನೆ ಅದರಲ್ಲಿರುತ್ತದೆ. ಊಟದ ಅಳತೆ, ಊಟದ ಹೊತ್ತು, ಬಳಸುವ ನಾಲ್ಕು ಪದ, ಹೆದರುವ ವಸ್ತು, ಡಾಕ್ಟ್ರ ನಂಬರು ಒಂದು ಚೀಟಿಯಲ್ಲಿ ಬರೆದು ಲಸಿಕೆ ಕಾರ್ಡಿನ ಜೊತೆ ಕೊಡಿ. ತುರ್ತಿನಲ್ಲಿ ನಿಮ್ಮನ್ನು ಕೇಳದೆ ಆಸ್ಪತ್ರೆಗೆ ಕರೆದೊಯ್ಯಬಹುದು ಅಂತ ಅದೇ ಚೀಟಿಯಲ್ಲಿ ಬರೆಯಿರಿ, ಖರ್ಚಿಗೆ ಸ್ವಲ್ಪ ದುಡ್ಡೂ ಇಟ್ಟು ಹೋಗಿ.